ನಾಯಿ ಅಡ್ಡ ಬಂದಿರಲಿಲ್ಲ

ಭಾರತದ ಪರವಾಗಿ ರಗ್ಬಿ ಆಡಿದವಳು ನಾನು ಎಂದರೆ ನಮ್ಮ ಹುಬ್ಬಳ್ಳಿಯಲ್ಲಿ ಜನ ಎರಡು ಪ್ರಶ್ನೆ ಕೇಳುತ್ತಾರೆ. ಆ ಆಟ ಹೆಂಗಿರುತ್ತದೆ ಎನ್ನುವುದು ಒಂದು, ಅದರಿಂದ ನಿಮಗೇನು ಸಿಕ್ಕಿತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ, ಮೊಟ್ಟೆಯಾಕಾರದ ಚೆಂಡನ್ನು ಎದೆಗವಚಿಕೊಂಡು ಓಡಬೇಕು, ಓಡುವವಳನ್ನು ಎದುರಿನವರು ಕೆಡವಬೇಕು, ಅಷ್ಟೇ ಎನ್ನುತ್ತೇನೆ. ಎರಡನೆಯದಕ್ಕೆ, ಶಾಲು, ಹಣ್ಣಿನ ಬುಟ್ಟಿ, ಮತ್ತೆ ಫಿಟ್ಸ್ ಎನ್ನುತ್ತೇನೆ. ಫಿಟ್ಸ್ ಎಂದ ಕೂಡಲೇ ಎದುರಿನವರ ಕಣ್ಣು ಬೇರೆ ಕಡೆ ಹೊರಳುತ್ತದೆ. ಹೊರಳಲಿ. ನಾಲ್ಕು ವರ್ಷ ಆ ಶಬ್ದವನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಅನ್ನಲಿಲ್ಲ. ಆ ಸಾಲ ತೀರಿಸುವವಳ ಹಾಗೆ ಈಗ ನಾನು ಕೇಳಿದವರಿಗೆಲ್ಲ ಹೇಳಿಕೊಂಡು ತಿರುಗುತ್ತೇನೆ.

ನಾನು ಶಿರಗುಪ್ಪಿಯವಳು. ಹತ್ತಿ ಬಿಡಿಸಿದ ಹೊಲದಲ್ಲಿ ಗೆರೆ ಎಳೆದು, ಅಣ್ಣಂದಿರ ಜತೆ ಕಬಡ್ಡಿ ಆಡಿ ಬೆಳೆದೆ. ಧಾರವಾಡದ ಕ್ರೀಡಾ ಹಾಸ್ಟೆಲಿಗೆ ಸೇರಿದ್ದೂ ಕಬಡ್ಡಿಯಿಂದಲೇ. ಅಲ್ಲಿಗೆ ಹೊರಗಿನಿಂದ ಬಂದ ತರಬೇತುದಾರರೊಬ್ಬರು ನಾನು ಕಾಲು ಹಿಡಿಯುವುದನ್ನು ನೋಡಿ, ಈ ಹುಡುಗಿಯನ್ನು ನನಗೆ ಕೊಡಿ ಎಂದರು. ಹೀಗೆ ರಗ್ಬಿಗೆ ಬಂದೆ. ನಮ್ಮ ತಂಡದಲ್ಲಿ ಅರ್ಧಕ್ಕರ್ಧ ಹೀಗೆ ಬೇರೆ ಆಟದಿಂದ ಎತ್ತಿಕೊಂಡು ಬಂದವರೇ ಇದ್ದೆವು.

ಕಬಡ್ಡಿಯಲ್ಲಿ ರೇಡರ್ ನಮ್ಮಿಂದ ತಪ್ಪಿಸಿಕೊಂಡು ತನ್ನ ಗೆರೆಯ ಕಡೆ ಓಡುತ್ತಾಳೆ. ನಾವು ತಲೆ ತಗ್ಗಿಸಿ ಕಾಲಿಗೆ ಬೀಳುತ್ತೇವೆ. ರಗ್ಬಿಯಲ್ಲಿ ಚೆಂಡು ಹಿಡಿದವಳು ನಮ್ಮ ಮೈಮೇಲೆಯೇ ಬರುತ್ತಾಳೆ, ಮೊಣಕಾಲು ಎತ್ತಿ ಎತ್ತಿ ಓಡುತ್ತ. ಆಗ ನಮ್ಮ ತಲೆ ಅವಳ ಕಾಲಿನ ಹಿಂದೆ ಇರಬೇಕು, ಮುಂದೆ ಇರಬಾರದು. ಇದನ್ನು ಮೊದಲ ದಿನವೇ ಹೇಳಿಕೊಟ್ಟರು. ಆದರೆ ಹುಟ್ಟುಗುಣ ಸುಟ್ಟರೂ ಹೋಗದು. ಪಂದ್ಯ ಬಿಗಿಯಾಯಿತೆಂದರೆ ನನ್ನ ಮೈ ಕಬಡ್ಡಿಯನ್ನೇ ಆಡುತ್ತಿತ್ತು, ತಲೆ ಮುಂದೆ ಹೋಗುತ್ತಿತ್ತು, ಮೊಣಕಾಲು ಕಿವಿಯ ಮೇಲೆ ಬಡಿಯುತ್ತಿತ್ತು. ಎದುರಾಳಿ ಬೀಳುತ್ತಿದ್ದಳಲ್ಲ, ಹಾಗಾಗಿ ಯಾರೂ ತಿದ್ದಲಿಲ್ಲ. ಅದಕ್ಕೆ ನನ್ನ ಹೆಸರೇ ಇಟ್ಟು, ನೀಲಾಳ ಹಿಡಿತ ಎಂದು ಚಪ್ಪಾಳೆ ತಟ್ಟಿದರು.

ತಲೆಗೆ ಪೆಟ್ಟು ಬಿದ್ದವರನ್ನು ಆಟಕ್ಕೆ ಬಿಡುವ ಮುಂಚೆ ಪ್ರಶ್ನೆ ಕೇಳುವ ಪದ್ಧತಿ ಇತ್ತು. ಇದು ಯಾವ ಮೈದಾನ, ಈಗ ಎಷ್ಟನೇ ಅರ್ಧ, ಕೊನೆಗೆ ಅಂಕ ಗಳಿಸಿದ್ದು ಯಾರು, ಹಿಂದಿನ ಪಂದ್ಯ ಯಾರ ಮೇಲೆ ಆಡಿದಿರಿ. ಪ್ರಶ್ನೆಗಳು ಎಲ್ಲ ಊರಲ್ಲೂ ಅವೇ. ನೆಲಕ್ಕೆ ಬಿದ್ದವಳಿಗೆ ನೀರು ತರುವ ನೆಪದಲ್ಲಿ ಒಬ್ಬಳು ಓಡಿ ಬಂದು, ಬಾಟಲಿ ಬಾಯಿಗೆ ಹಿಡಿಯುತ್ತ ಉತ್ತರಗಳನ್ನೂ ಕಿವಿಗೆ ಹಾಕಿಬಿಡುತ್ತಿದ್ದಳು. ನನಗೆ ಹಾಗೆ ಹೇಳುತ್ತಿದ್ದವಳು ಒಡಿಶಾದ ಸುನೀತಾ. ಅದು ನಮ್ಮ ತಂಡದ ರೂಢಿ. ಪ್ರಶ್ನೆ ಕೇಳುವವರಿಗೂ ಗೊತ್ತಿತ್ತು. ಅವರಿಗೆ ಬೇಕಾದದ್ದು ಸರಿಯುತ್ತರ, ಅದು ಯಾರ ತಲೆಯಿಂದ ಬಂತು ಎನ್ನುವುದಲ್ಲ. ಒಂದು ಪಂದ್ಯದಲ್ಲಿ ನಾನು ನಾಲ್ಕಕ್ಕೆ ನಾಲ್ಕೂ ಸರಿ ಹೇಳಿ ಮತ್ತೆ ಮೈದಾನಕ್ಕಿಳಿದೆನಂತೆ. ಆ ಪಂದ್ಯ ನನಗೆ ನೆನಪೇ ಇಲ್ಲ. ನೋಡಿದವರು ಬಹಳ ಚೆನ್ನಾಗಿ ಆಡಿದೆ ಎನ್ನುತ್ತಾರೆ.

ಆಟ ಬಿಟ್ಟ ಮೇಲೆ ಮದುವೆಯಾಗಿ ಉಣಕಲ್ಲಿಗೆ ಬಂದೆ. ನಮ್ಮ ಮನೆಯವರು ಅಮರಗೋಳದ ಮಾರುಕಟ್ಟೆಯಲ್ಲಿ ಕಾಳುಕಡಿ ವ್ಯಾಪಾರ ಮಾಡುತ್ತಾರೆ. ನನಗೆ ಒಂದು ಖಾಸಗಿ ಶಾಲೆಯಲ್ಲಿ ಪಿ.ಟಿ. ಟೀಚರ್ ಕೆಲಸ ಸಿಕ್ಕಿತು. ಅತ್ತೆ ನನ್ನ ನೀಲಿ ಜೆರ್ಸಿಯ ಫೋಟೋವನ್ನು ಪಡಸಾಲೆಯಲ್ಲಿ ತೂಗು ಹಾಕಿ, ಬಂದವರಿಗೆಲ್ಲ "ನಮ್ಮ ಸೊಸಿ ದೇಶಕ್ಕ ಆಡ್ಯಾಳ್ರಿ" ಎನ್ನುತ್ತಿದ್ದರು. ಏನು ಆಡಿದ್ದಾಳೆ ಎಂದು ಕೇಳಿದರೆ "ಅದೇನೋ ಹೊಡದಾಡೂ ಆಟ" ಎಂದು ನಗುತ್ತಿದ್ದರು. ಒಳ್ಳೆಯ ಜೀವ. ಮುಂದೆ ನಡೆದದ್ದಕ್ಕೆಲ್ಲ ಅವರ ಒಳ್ಳೆಯತನವೇ ಅರ್ಧ ಕಾರಣ.

ಮಗಳು ಶ್ರೇಯಾ ಹುಟ್ಟಿ ಮೂರ್ನಾಲ್ಕು ವರ್ಷವಾದ ಮೇಲೆ ಅದು ಶುರುವಾಯಿತು. ಮೂಗಿಗೆ ಸುಟ್ಟ ವಾಸನೆ ಬರುವುದು, ಆಮೇಲೆ ಏನೂ ಇಲ್ಲ. ಕಣ್ಣು ತೆರೆದೇ ಇರುತ್ತಿದ್ದವಂತೆ, ತುಟಿ ಚಪ್ಪರಿಸುತ್ತಿದ್ದೆನಂತೆ. ಎಚ್ಚರವಾದಾಗ ಕೈಯಲ್ಲಿನ ಚಹಾ ಸೀರೆಯ ಮೇಲಿರುತ್ತಿತ್ತು. "ಎಷ್ಟ ಕರೀಬೇಕು, ಲಕ್ಷ ಎಲ್ಲೈತಿ?" ಎಂದು ಮನೆಯವರು ಗದರುತ್ತಿದ್ದರು. ಲಕ್ಷ್ಯ ಎಲ್ಲಿತ್ತೋ ನನಗೆ ಗೊತ್ತಿದ್ದರೆ ತಾನೇ ಹೇಳುವುದು?

ಒಂದು ಮುಂಜಾನೆ ಮಗಳನ್ನು ಸ್ಕೂಟಿಯ ಹಿಂದೆ ಕೂರಿಸಿಕೊಂಡು ಶಾಲೆಗೆ ಹೊರಟಿದ್ದೆ. ಉಣಕಲ್ ಕೆರೆ ದಾಟಿದ್ದು ನೆನಪಿದೆ. ಆಮೇಲೆ ನೆನಪಿರುವುದು ಬಸ್ಸಿನ ದಾರಿಗೆ ಹಾಕಿದ ಕಬ್ಬಿಣದ ಕಂಬಿ, ಬಿದ್ದ ಗಾಡಿ, ಸುತ್ತ ಜನ, ಮತ್ತೆ ಶ್ರೇಯಾಳ ಕೈ. ಕೈ ಇರಬೇಕಾದ ಕಡೆ ಇರಲಿಲ್ಲ, ಮೊಣಕೈಯ ಕೆಳಗೆ ಸೊಟ್ಟಗಾಗಿತ್ತು. ಅವಳಿಗೆ ಆಗ ಐದು ವರ್ಷ. ಅವಳು ಅಳದೆ ನನ್ನ ಮುಖವನ್ನೇ ನೋಡುತ್ತಿದ್ದಳು. ಅಂಥ ನೋಟ ಯಾವ ತಾಯಿಯ ಕಣ್ಣಿಗೂ ಬೀಳಬಾರದು.

ಆಸ್ಪತ್ರೆಗೆ ಬಂದ ಅತ್ತೆ, ಯಾರಾದರೂ ಕೇಳುವ ಮುಂಚೆಯೇ "ನಾಯಿ ಅಡ್ಡ ಬಂತ್ರಿ, ಏನ ಮಾಡ್ತಾಳ ಪಾಪ" ಎಂದರು. ಅವರು ಅಲ್ಲಿ ಇರಲೇ ಇಲ್ಲ. ಮನೆಯವರು ಅದನ್ನೇ ಮಾರುಕಟ್ಟೆಯಲ್ಲಿ ಹೇಳಿದರು. ನೆರೆಯವರು ಬಂದು ನಾಯಿಗಳನ್ನು ಬೈದು, ಮಹಾನಗರಪಾಲಿಕೆಯನ್ನೂ ಬೈದು, ಚಹಾ ಕುಡಿದು ಹೋದರು. ಎಷ್ಟು ಸಲ ಹೇಳಿದರೆಂದರೆ ನನಗೂ ಆ ನಾಯಿ ಕಾಣತೊಡಗಿತು. ಕಂದು ಬಣ್ಣ, ಬಾಲ ಸ್ವಲ್ಪ ಕತ್ತರಿಸಿದ ಹಾಗೆ. ಸತ್ಯವಾಗಿಯೂ ಹೇಳುತ್ತೇನೆ, ಇವತ್ತಿಗೂ ಕಣ್ಣು ಮುಚ್ಚಿದರೆ ಅದು ಕಾಣುತ್ತದೆ.

ನಮ್ಮ ಓಣಿಯ ಡಾಕ್ಟರರ ಬಳಿ ಹೋದೆವು. ಅವರು ನನ್ನನ್ನು ಕೇಳುತ್ತಿದ್ದರು, ಅತ್ತೆ ಉತ್ತರ ಕೊಡುತ್ತಿದ್ದರು.

"ನಿದ್ದಿ ಬರತೈತೇನವಾ?"

"ಎಲ್ಲಿ ನಿದ್ದಿರಿ, ಐದಕ್ಕ ಏಳತಾಳ."

"ಮರವು ಐತೇನು?"

"ಛೇ ಛೇ, ನಮ್ಮನಿ ಕೀಲಿ ಎಲ್ಲೆಲ್ಲಿ ಇಟ್ಟೇವಿ ಅಂತ ಆಕಿನ್ನ ಕೇಳಬೇಕ್ರಿ ನಾವು."

ಡಾಕ್ಟರು ನಕ್ಕು ಬಿ ಕಾಂಪ್ಲೆಕ್ಸ್ ಗುಳಿಗೆ ಬರೆದರು. ನಾನು ಬಾಯಿ ತೆರೆಯಲಿಲ್ಲ. ನಮ್ಮಲ್ಲಿ ರೋಗಿಗೆ ಬಾಯಿ ಇರುವುದು ಗುಳಿಗೆ ನುಂಗುವುದಕ್ಕೆ. ಹೀಗೇ ಒಂದು ವರ್ಷಕ್ಕಿಂತ ಹೆಚ್ಚು ಹೋಯಿತು.

ಗುಟ್ಟು ರಟ್ಟಾದದ್ದು ಶಾಲೆಯ ಮೈದಾನದಲ್ಲಿ. ಸ್ವಾತಂತ್ರ್ಯ ದಿನದ ಕವಾಯತಿಗೆ ಮಕ್ಕಳನ್ನು ಸಾಲು ನಿಲ್ಲಿಸಿ ಸೀಟಿ ಊದಿದೆ. ಸುಟ್ಟ ವಾಸನೆ ಬಂತು. ಕಣ್ಣು ಬಿಟ್ಟಾಗ ನೆಲದ ಮೇಲಿದ್ದೆ, ಬಾಯಲ್ಲಿ ರಕ್ತ, ಸೀರೆ ಒದ್ದೆ. ಯಾರೋ ಮೂಗಿಗೆ ಚಪ್ಪಲಿ ಹಿಡಿದಿದ್ದರು. ಬಲಗೈಯಲ್ಲಿ ಶಾಲೆಯ ಬೀಗದ ಕೈಗಳ ದೊಡ್ಡ ಗೊಂಚಲು. ಕಬ್ಬಿಣ ಹಿಡಿಸಿದರೆ ಫಿಟ್ಸ್ ನಿಲ್ಲುತ್ತದೆ ಎಂದು ಹೆಡ್‌ಮಾಸ್ತರರೇ ತುರುಕಿದ್ದರಂತೆ, ವಿಜ್ಞಾನ ಕಲಿಸುವ ಹೆಡ್‌ಮಾಸ್ತರರು! ಆಡಳಿತ ಮಂಡಳಿಯವರು ಮರುವಾರ ಮನೆಗೆ ಬಂದು, "ಮಕ್ಕಳು ಅಂಜತಾವ್ರಿ ಮೇಡಂ, ಸ್ವಲ್ಪ ದಿವಸ ಆರಾಮ ಮಾಡ್ರಿ" ಎಂದರು. ಆ ಸ್ವಲ್ಪ ದಿವಸ ಇನ್ನೂ ಮುಗಿದಿಲ್ಲ.

ಹೀಗೆ ಶ್ರೇಯಾಳನ್ನೂ ಕರೆದುಕೊಂಡು ದೊಡ್ಡ ಆಸ್ಪತ್ರೆಯ ನರರೋಗ ವಿಭಾಗಕ್ಕೆ ಬಂದೆವು. ಅಲ್ಲಿ ಕಾಯುವ ಕೋಣೆಯಲ್ಲಿ ಎಲ್ಲರೂ ಗೋಡೆ ನೋಡುತ್ತ ಕೂರುತ್ತಾರೆ, ಒಬ್ಬರ ರೋಗ ಒಬ್ಬರಿಗೆ ತಗಲುತ್ತದೇನೋ ಎನ್ನುವ ಹಾಗೆ. ಗಬ್ಬೂರಿನಿಂದ ಬಂದಿದ್ದ ಒಬ್ಬ ಹೆಂಗಸು ಮಾತ್ರ ನನ್ನ ಪಕ್ಕ ಸರಿದು, ಶೇಂಗಾ ಉಂಡಿ ಕೈಗಿಟ್ಟು, "ನಿನಗ ಫಿಟ್ಸೇನವಾ? ನನಗೂ ಅದ. ಇಪ್ಪತ್ತ ವರ್ಷಾತು, ಮೂರ ಮಕ್ಕಳ ಹಡದೇನಿ" ಎಂದಳು. ಜೋಳದ ಧಾರಣೆ ಹೇಳಿದಷ್ಟು ಸಹಜವಾಗಿ ಹೇಳಿದಳು. ಅತ್ತೆ ನನ್ನ ತೋಳು ಜಗ್ಗಿ, "ನಮ್ಮಾಕಿಗೆ ಹಂಗೇನಿಲ್ರಿ, ತಲಿಶೂಲಿ" ಎಂದರು. ನಾನು ಉಂಡಿ ತಿಂದೆ. ನನಗೆ ಅಳು ಬಂತು, ಆದರೂ ತಿಂದೆ. ಹೆಸರು ಕೇಳದೆ ಹೋದೆ ಎನ್ನುವುದು ಇವತ್ತಿಗೂ ಬೇಜಾರು.

ಡಾಕ್ಟರ್ ನಡುವಯಸ್ಸಿನ ಹೆಂಗಸು, ಮಾತು ಕಡಿಮೆ. "ಮುಂಜಾನೆ ಏನ ತಿಂದ್ರಿ?" ಎಂದು ನನ್ನನ್ನು ಕೇಳಿದರು.

"ಉಪ್ಪಿಟ್ಟ ತಿಂದಾಳ್ರಿ" ಎಂದರು ಅತ್ತೆ.

"ಅಮ್ಮಾರ, ಆಕಿನ್ನ ಕೇಳೇನಿ. ಇವತ್ತ ಯಾವ ವಾರರೀ?"

"ಗುರುವಾರ" ಎಂದರು ಮನೆಯವರು.

ಡಾಕ್ಟರ್ ಪೆನ್ನು ಕೆಳಗಿಟ್ಟರು. "ಇಬ್ಬರೂ ಹೊರಗ ಕೂಡ್ರಿ. ಸಣ್ಣ ಹುಡುಗಿ ಇರಲಿ."

ಬಾಗಿಲು ಮುಚ್ಚಿತು. ಅವರು ಮತ್ತೆ ಅದೇ ಪ್ರಶ್ನೆ ಕೇಳಲಿಲ್ಲ. ಕೊಡ, ಬೇವು, ಗಡಿಯಾರ ಎಂದು ಮೂರು ಶಬ್ದ ಹೇಳಿ, ನೆನಪಿಡಿ ಎಂದರು. ಆಮೇಲೆ ಬೇರೆ ಮಾತಾಡಿ, ಈಗ ಹೇಳಿ ಎಂದರು. ನಾನು ಪಕ್ಕಕ್ಕೆ ತಿರುಗಿದೆ. ಯಾರಾದರೂ ನೀರಿನ ಬಾಟಲಿ ಹಿಡಿದು ಓಡಿ ಬರುತ್ತಾರೆಂದು ನನ್ನ ಕುತ್ತಿಗೆ ತಾನೇ ಹೊರಳಿತು. ಯಾರೂ ಬರಲಿಲ್ಲ. ಕೊಡ ಎಂದೆ. ಉಳಿದೆರಡು ಇರಲಿಲ್ಲ. ಇಲ್ಲದ ಕಡೆ ಕೈಯಾಡಿಸುವುದು ಎಷ್ಟು ಭಯ ಎನ್ನುವುದು ಆವತ್ತು ಗೊತ್ತಾಯಿತು.

"ಗಾಡಿ ಹೆಂಗ ಬಿತ್ರಿ?" ಎಂದು ಹಳೆಯ ಚೀಟಿಗಳನ್ನು ನೋಡುತ್ತ ಕೇಳಿದರು.

"ನಾಯಿ ಅಡ್ಡ ಬಂತ್ರಿ" ಎಂದೆ. ನಾನು ಸುಳ್ಳು ಹೇಳಲಿಲ್ಲ. ನನಗೆ ನಾಯಿ ಕಂಡಿತ್ತು.

ಶ್ರೇಯಾ ನನ್ನ ಸೆರಗು ಹಿಡಿದು ನಿಂತಿದ್ದಳು. "ನಾಯಿ ಇರಲಿಲ್ರಿ" ಎಂದಳು. "ಅವ್ವ ಮಾತಾಡಲಿಲ್ಲ. ನಾ ಅವ್ವಾ ಅವ್ವಾ ಅಂದೆ. ಗಾಡಿ ಹಂಗ ಹೊಂಟಿತ್ತು."

ಡಾಕ್ಟರ್ ಅವಳನ್ನು ಹತ್ತಿರ ಕರೆದು ತಲೆ ಸವರಿದರು. "ನೀ ಬಾಳ ಶಾಣ್ಯಾ ಅದಿ" ಎಂದರು. ಅಷ್ಟು ದಿನ ಅವಳನ್ನು ಯಾರೂ ಕೇಳಿಯೇ ಇರಲಿಲ್ಲ. ಅವಳ ಕೈ ಮುರಿದದ್ದು ಹೇಗೆ ಎಂದು ಅವಳನ್ನು ಬಿಟ್ಟು ಊರಿಗೆಲ್ಲ ಗೊತ್ತಿತ್ತು.

ಆಮೇಲೆ ತಲೆಗೆ ಅಂಟು ಹಚ್ಚಿ ವಯರು ಸಿಕ್ಕಿಸಿ ನೋಡಿದರು, ಸ್ಕ್ಯಾನ್ ಮಾಡಿದರು. ಹಳೆಯ ಪೆಟ್ಟುಗಳು ಕೂಡಿ ಕೂಡಿ ಒಂದು ಕಡೆ ಗಾಯವಾಗಿ ಕೂತಿದೆ, ಗುಳಿಗೆ ಬಿಡುವ ಹಾಗಿಲ್ಲ ಎಂದರು. ಮನೆಗೆ ಬಂದ ಮೇಲೆ ಅತ್ತೆ ಬಿಸಿನೀರು ಕಾಯಿಸಿ, ಎಣ್ಣೆ ಹಚ್ಚಿ, ನನ್ನ ಕೂದಲಿಗೆ ಮೆತ್ತಿದ್ದ ಅಂಟನ್ನು ಎಳೆ ಎಳೆಯಾಗಿ ಬಿಡಿಸಿದರು. ನನ್ನ ಬೆನ್ನ ಮೇಲೆ ಬಿದ್ದದ್ದು ಅವರ ಕಣ್ಣೀರೋ ಬಿಸಿನೀರೋ ನನಗೆ ತಿಳಿಯಲಿಲ್ಲ. ಅವರ ಮೇಲೆ ಸಿಟ್ಟು ಮಾಡುವುದೂ ನನ್ನಿಂದ ಆಗಲಿಲ್ಲ. ಅದೂ ಒಂದು ಸಿಟ್ಟೇ.

ಮನೆಯವರು ಮಾತ್ರ "ಮೈಗ್ರೇನ್ ಅನ್ನೋಣು. ಮುಂದ ಶ್ರೇಯಾಂದೂ ನೋಡಬೇಕಲ್ಲ" ಎಂದರು. ಆರು ವರ್ಷದ ಹುಡುಗಿಯ ಮದುವೆಯ ಚಿಂತೆ ಅವರಿಗೆ ಆಗಲೇ ಹತ್ತಿತ್ತು.

ನಾನು ಹಳೆಯ ತಂಡದ ಕಚೇರಿಗೆ ಫೋನ್ ಮಾಡಿದೆ. ನನಗೆ ಬೇಕಾದದ್ದು ಒಂದೇ ಮಾತು, ಹೌದು, ಇದು ಆಟದಿಂದ ಆಯಿತು ಎನ್ನುವ ಮಾತು. ಅತ್ತ ಕಡೆಯ ಮನುಷ್ಯ ಹಿಂದಿಯಲ್ಲಿ ಬಹಳ ಮರ್ಯಾದೆಯಿಂದ ಮಾತಾಡಿದರು. ಪ್ರತಿ ಪೆಟ್ಟಿನ ನಂತರ ನಿಮ್ಮನ್ನು ಪ್ರಶ್ನೆ ಕೇಳಿಯೇ ಆಡಲು ಬಿಟ್ಟಿದ್ದೇವೆ, ನೀವು ಎಲ್ಲಕ್ಕೂ ಸರಿಯುತ್ತರ ಕೊಟ್ಟಿದ್ದೀರಿ ಮೇಡಂ ಎಂದರು. ಗಾಯದ ಮೇಲೆ ಬರೆ ಎಂದರೆ ಇದು. ಸುನೀತಾಗೆ ಫೋನ್ ಮಾಡಿ ಹೇಳಿದೆ. ಅವಳು, ನಾನು ಈಗ ಮೂರು ಸಲ ಗ್ಯಾಸ್ ಬಂದ್ ಮಾಡಿದ್ದೇನಾ ಎಂದು ನೋಡಿ ಮಲಗುತ್ತೇನೆ ನೀಲು ಎಂದಳು. ಇಬ್ಬರೂ ನಕ್ಕೆವು. ನಗುವುದಕ್ಕೆ ಬೇರೇನೂ ಇರಲಿಲ್ಲ.

ಈ ರೋಗದಲ್ಲಿ ಗುಳಿಗೆಗಿಂತ ಕಹಿ ಬೇರೆ ಇದೆ. ಬಚ್ಚಲ ಚಿಲಕ ಹಾಕುವ ಹಾಗಿಲ್ಲ, ಗಾಡಿ ಮುಟ್ಟುವ ಹಾಗಿಲ್ಲ, ಒಲೆಯ ಮುಂದೆ ಒಬ್ಬಳೇ ನಿಲ್ಲುವ ಹಾಗಿಲ್ಲ. ಅದನ್ನೆಲ್ಲ ನುಂಗಿಕೊಂಡೆ. ಆದರೆ ಆವತ್ತಿನಿಂದ ಶ್ರೇಯಾಳನ್ನು ನನ್ನ ಜತೆ ಒಂಟಿಯಾಗಿ ಬಿಡಲಿಲ್ಲ. ಅವಳ ಹಾಸಿಗೆ ಅಜ್ಜಿಯ ಕೋಣೆಗೆ ಹೋಯಿತು. ಎರೆಯುವುದು, ಜಡೆ ಹಾಕುವುದು, ಶಾಲೆಯ ಗೇಟಿನ ತನಕ ಹೋಗುವುದು ಎಲ್ಲ ಅಜ್ಜಿಯದಾಯಿತು. ನಾನು ಕೂತ ಕೋಣೆಗೆ ಅವಳು ಬಂದರೆ ಹಿಂದೆಯೇ ಯಾರೋ ಒಬ್ಬರು ಬರುತ್ತಿದ್ದರು, ಏನೋ ಹುಡುಕುವವರ ಹಾಗೆ. ಅವರು ಮಾಡಿದ್ದು ತಪ್ಪು ಎನ್ನಲಾರೆ. ಮುರಿದ ಕೈ ನಾನೇ ನೋಡಿದ್ದೇನೆ. ಆದರೆ ಹೆತ್ತ ಮಗಳನ್ನು ಕಾವಲುಗಾರರ ಎದುರಿಗೆ ಮುದ್ದಾಡುವುದು ಹೇಗಿರುತ್ತದೆ ಎಂದು ಮಾಡಿದವರಿಗೇ ಗೊತ್ತು. ಅವಳನ್ನು ಒಂದು ಸಂಜೆಯಾದರೂ ನನ್ನ ಪಾಲಿಗೆ ಬಿಡಲಿ ಎಂದು ನಾನು ಗುಳಿಗೆ ತಪ್ಪಿಸಲಿಲ್ಲ, ನಿದ್ದೆಗೆಡಲಿಲ್ಲ, ಉಪವಾಸ ಮಾಡಲಿಲ್ಲ. ದೇಶಕ್ಕೆ ಆಡುವಾಗಲೂ ಇಷ್ಟು ಶಿಸ್ತು ನನಗಿರಲಿಲ್ಲ.

ಒಳ್ಳೆಯ ದಿನಗಳು ಬಂದವು. ತಿಂಗಳುಗಟ್ಟಲೆ ಏನೂ ಆಗಲಿಲ್ಲ. ಡಾಕ್ಟರ್ ಕೂಡ, ಹೀಗೇ ಇರಲಿ, ಒಲೆಯ ಹತ್ತಿರ ಮಾತ್ರ ಜೋಪಾನ ಎಂದರು. ಕಳೆದ ಚಳಿಗಾಲದಲ್ಲಿ ಅತ್ತೆಗೆ ಸಂಬಂಧಿಕರ ಮನೆಯ ಗೃಹಪ್ರವೇಶಕ್ಕೆ ಹೋಗಬೇಕಿತ್ತು. ಶ್ರೇಯಾಳಿಗೆ ಕೆಮ್ಮು. ಅತ್ತೆ ಹೊಸ್ತಿಲ ತನಕ ಹೋಗಿ, ತಿರುಗಿ ಬಂದು, "ಆಕಿ ನಿನ್ನ ಹಂತ್ಯಾಕ ಇರಲಿ. ನಾ ಮುಚ್ಚಂಜಿಗೆ ಬರ್ತೇನಿ" ಎಂದರು. ನನಗೆ ಮೊದಲ ಸಲ ದೇಶದ ಜೆರ್ಸಿ ಕೈಗೆ ಕೊಟ್ಟಾಗಲೂ ಅಷ್ಟು ಹಿಗ್ಗಾಗಿರಲಿಲ್ಲ.

ಎಂಥ ಸಂಜೆ ಅದು. ಅವಳ ತಲೆಗೆ ಎಣ್ಣೆ ಹಚ್ಚಿ ಎರಡು ಜಡೆ ಹೆಣೆದೆ. ಬೈತಲೆ ಸೊಟ್ಟಗೆ ಬಂತು, ನನಗೆ ರೂಢಿ ತಪ್ಪಿತ್ತು. "ಇರಲಿ ಬಿಡವಾ, ಛಲೋ ಐತಿ" ಎಂದಳು. ಕವಡೆ ಆಡಿದೆವು. ಅವಳು ಮೋಸ ಮಾಡಿ ಗೆದ್ದಳು. ಕೆಮ್ಮಿಗೆ ಅರಿಷಿಣ ಹಾಕಿ ಹಾಲು ಕೊಡೋಣ ಎಂದು ಒಲೆಯ ಮೇಲೆ ಹಾಲಿಟ್ಟೆ.

ಆಮೇಲೆ ನಾನು ಅಡುಗೆಮನೆಯ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದೆ. ಒಲೆ ಆರಿತ್ತು. ಕಟ್ಟೆಯನ್ನು ಒರೆಸಿಯಾಗಿತ್ತು, ಅರಿವೆ ಒದ್ದೆಯಿತ್ತು, ತಳ ಹೊತ್ತಿದ ಪಾತ್ರೆಯನ್ನು ಮೂಲೆಯಲ್ಲಿ ಬಕೆಟ್ಟಿನ ಹಿಂದೆ ಅಡಗಿಸಿಟ್ಟಾಗಿತ್ತು. ಒಲೆಯ ಮುಂದೆ ಮಣೆಯೊಂದು ಬಿದ್ದಿತ್ತು. ಅದರ ಮೇಲೆ ಹತ್ತಿ ನಿಂತರೆ ಮಾತ್ರ ಅವಳಿಗೆ ಗ್ಯಾಸಿನ ಗುಂಡಿ ಸಿಗುತ್ತದೆ. ಶ್ರೇಯಾ ನನ್ನ ಪಕ್ಕ ಕೂತು ನನ್ನ ಕೈ ಹಿಡಿದುಕೊಂಡಿದ್ದಳು. ಅವಳ ಲಂಗದ ಅಂಚು ಸುಟ್ಟು ಕಂದಾಗಿತ್ತು, ಸ್ವಲ್ಪವೇ ಸ್ವಲ್ಪ.

"ಏನಾತ?" ಎಂದೆ.

"ಏನೂ ಆಗಿಲ್ಲವಾ. ನಿನಗ ನಿದ್ದಿ ಬಂದಿತ್ತು."

ಅತ್ತೆ ಬಂದರು, ಮನೆಯವರೂ ಬಂದರು. ಅತ್ತೆ ಚಪ್ಪಲಿ ಬಿಡುವ ಮುಂಚೆಯೇ "ಅವ್ವ ಆರಾಮ ಇದ್ಲನ?" ಎಂದು ಕೇಳಿದರು.

"ಆರಾಮ ಇದ್ಲು" ಎಂದಳು ಶ್ರೇಯಾ. "ಜಡಿ ಹಾಕಿದ್ಲು. ಕವಡಿ ಆಡಿದ್ವಿ. ಹಾಲ ಕುಡದೆ. ಬಾಳ ಛಲೋ ಇತ್ತ ಅಜ್ಜಿ." ಒಂದಾದ ಮೇಲೊಂದು, ಕೇಳದ ಪ್ರಶ್ನೆಗಳಿಗೂ ಉತ್ತರ. ಕಣ್ಣು ಮಿಟುಕಿಸದೆ ಹೇಳಿದಳು. ನಮ್ಮ ಮನೆಯಲ್ಲಿ ನಿಜ ಹೇಳುತ್ತಿದ್ದವಳು ಅವಳೊಬ್ಬಳೇ ಇದ್ದಳು.

ಅತ್ತೆಯ ಮುಖ ಅರಳಿತು. "ನಾಳೆಯಿಂದ ನಿನ್ನ ಕಡೇನ ಮಲಗಲಿ ಬಿಡವಾ ನೀಲಾ" ಎಂದರು.

ಸುಮ್ಮನಿದ್ದರೆ ನನ್ನ ಮಗಳು ನನಗೆ ಸಿಗುತ್ತಿದ್ದಳು. ಎರಡು ವರ್ಷ ಕಾದದ್ದು ಅದಕ್ಕೇ. ಲಂಗದ ಆ ಅಂಚು ಕಾಣುತ್ತಿತ್ತು.

"ಅತ್ತಿ, ಆಕಿ ಸುಳ್ಳ ಹೇಳಾಕತ್ತಾಳ್ರಿ" ಎಂದೆ. "ನನಗ ಬಂದಿತ್ತು. ಹಾಲ ಉಕ್ಕಿ ಹೊತ್ತೈತಿ. ಆಕಿನ ಮಣಿ ಹತ್ತಿ ಗ್ಯಾಸ್ ಬಂದ್ ಮಾಡ್ಯಾಳ. ಆಕಿ ಲಂಗಾ ನೋಡ್ರಿ."

ಅತ್ತೆ ಕೂತುಬಿಟ್ಟರು. ಮನೆಯವರು ಒಳಗೆ ಹೋಗಿ ಪಾತ್ರೆ ಹುಡುಕಿ ತಂದು ಕೈಯಲ್ಲಿ ಹಿಡಿದು ನಿಂತರು. ಶ್ರೇಯಾ ನನ್ನನ್ನೇ ನೋಡಿದಳು, ಗಾಡಿ ಬಿದ್ದ ದಿನ ನೋಡಿದ ಹಾಗಲ್ಲ. ಆವತ್ತು ಆ ನೋಟದಲ್ಲಿ ಸಿಟ್ಟು ಇರಲಿಲ್ಲ.

"ನಾ ಹೇಳಿದ್ನಲ್ಲ ಏನೂ ಆಗಿಲ್ಲಂತ. ನೀ ಯಾಕ ಹೇಳಿದಿ?" ಎಂದಳು. "ನಿನಗ ನಾ ಬ್ಯಾಡೇನು?"

"ಬೇಕವಾ. ಅದಕ್ಕ ಹೇಳಿದೆ."

ಅವಳು ನಂಬಲಿಲ್ಲ. ಸೊಟ್ಟ ಬೈತಲೆಯ ಎರಡು ಜಡೆಗಳನ್ನು ತಾನೇ ಬಿಚ್ಚಿಕೊಂಡು, ಮಧ್ಯಾಹ್ನ ನನ್ನ ಹಾಸಿಗೆಗೆ ತಂದಿಟ್ಟುಕೊಂಡಿದ್ದ ತನ್ನ ದಿಂಬು ಎತ್ತಿಕೊಂಡು, ಅಜ್ಜಿಯ ಕೋಣೆಗೆ ಹೋದಳು.